ನಂದಿನ್ ತಲೆಗೆ ಬಿದ್ದ ಕತ್ತರಿ

ಮಗಳ ಕೂದಲು ಜುಲೈವರೆಗೆ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಸೊಲೊಂಗೊಳನ್ನು ಬಿಡಲೇ ಇಲ್ಲ. ಗ್ರಂಥಾಲಯದಲ್ಲಿ ಪುಸ್ತಕ ತೆರೆದು ಕೂತಾಗಲೂ ಅದೇ, ಮಾರುಕಟ್ಟೆಯಲ್ಲಿ ಸೊಪ್ಪು ಆರಿಸುವಾಗಲೂ ಅದೇ. ಮಕ್ಕಳಿಗೆ ಜ್ವರ ಬಂದರೆ ಔಷಧವಿದೆ, ಹಲ್ಲು ಹುಳುಕಾದರೆ ಡಾಕ್ಟರಿದ್ದಾರೆ. ಕೂದಲಿನ ಚಿಂತೆ ಹೊತ್ತುಕೊಂಡು ಯಾರ ಬಾಗಿಲು ಬಡಿಯುವುದು?

ನಂದಿನ್ ಹುಟ್ಟಿದಾಗಿನಿಂದ ಅವಳ ತಲೆಗೆ ಕತ್ತರಿ ಸೋಕಿರಲಿಲ್ಲ. ಹೊಟ್ಟೆಯಲ್ಲಿದ್ದ ವರ್ಷವನ್ನೂ ಸೇರಿಸಿ ಎಣಿಸಿದರೆ ಅವಳಿಗೀಗ ನಾಲ್ಕು. ಹೆಣ್ಣುಮಕ್ಕಳ ಮೊದಲ ಕೂದಲನ್ನು ಸಮ ವರ್ಷದಲ್ಲೇ ತೆಗೆಯಬೇಕು. ಎರಡರಲ್ಲಿ ಆಗಲಿಲ್ಲ, ಆಗ ಸೊಲೊಂಗೊಳ ಮಾವನಿಗೆ, ಅಂದರೆ ಗಂಡನ ತಂದೆಗೆ, ಸೊಂಟ ಹಿಡಿದುಕೊಂಡಿತ್ತು. ಹಾಗಾಗಿ ಈ ಜುಲೈನಲ್ಲಿ, ಮಂಗೋಲಿಯಾದ ಅರ್ಖಾಂಗಾಯ್ ಹುಲ್ಲುಗಾವಲಿನ ನಡುವೆ ಮಾವ ಲುವ್ಸಾನರ ಬಿಳಿ ಗುಡಾರದಲ್ಲಿ, ನೆಂಟರಿಷ್ಟರೆಲ್ಲ ಸೇರಿ, ನೀಲಿ ರೇಷ್ಮೆ ವಸ್ತ್ರ ಕಟ್ಟಿದ ಕತ್ತರಿಯಿಂದ ಒಬ್ಬೊಬ್ಬರು ಒಂದೊಂದು ಎಳೆ ಕತ್ತರಿಸಿ, ಮಗುವನ್ನು ಹರಸಿ, ಉಡುಗೊರೆ ಕೊಡುವುದೆಂದು ನಿಶ್ಚಯವಾಗಿತ್ತು. ಯಾರು ಯಾರನ್ನು ಕರೆಯಬೇಕು, ಯಾವ ಕುರಿ ಕಡಿಯಬೇಕು ಎಲ್ಲ ಮಾವನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು.

ಸೊಲೊಂಗೊ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ತೈವಾನಿಗೆ ಎಂ.ಎ. ಓದಲು ಹೊರಟಾಗ ಮನೆಯವರೆಲ್ಲ ಒಂದೊಂದು ಮಾತು ಆಡಿದರು. ನಾದಿನಿ ಮುಖ ತಿರುಗಿಸಿದಳು. ಮಾವ ಮಾತ್ರ ಬಯ್ಯಲಿಲ್ಲ.

"ಏನು ಓದ್ತೀಯಮ್ಮ ಅಲ್ಲಿ?" ಎಂದು ವಿಮಾನ ನಿಲ್ದಾಣದಲ್ಲಿ ಕೇಳಿದ್ದರು.

"ಸಾಂಸ್ಕೃತಿಕ ಮಾನವಶಾಸ್ತ್ರ ಅಂತ, ಅಪ್ಪ. ಜನ ಹೇಗೆ ಬದುಕ್ತಾರೆ, ಏನು ನಂಬ್ತಾರೆ, ಯಾಕೆ ಹಾಗೆ ಮಾಡ್ತಾರೆ ಅಂತ ತಿಳ್ಕೊಳ್ಳೋದು."

"ಜನರನ್ನ ಓದೋಕೆ ಸಮುದ್ರ ದಾಟಬೇಕಾ? ನಮ್ಮಲ್ಲಿ ಜನ ಇಲ್ವಾ?" ಎಂದು ನಕ್ಕು, ಆಮೇಲೆ ನಗು ನಿಲ್ಲಿಸಿ ಹೇಳಿದ್ದರು: "ಮಗೂನ ಕರ್ಕೊಂಡು ಹೋಗು, ಬೇಡ ಅನ್ನಲ್ಲ. ತಾಯಿ ಎಲ್ಲೋ ಮಗು ಅಲ್ಲೇ. ಆದರೆ ಈ ತಲೆ ಹೇಗೆ ಹೋಗುತ್ತೋ ಹಾಗೇ ವಾಪಸ್ ಬರಬೇಕು. ಅದೊಂದೇ ನಾನು ಕೇಳೋದು."

ಅದೊಂದೇ. ಅದಕ್ಕೆ ಹೂಂ ಎಂದು ಮಾತು ಕೊಟ್ಟು ಅವಳು ವಿಮಾನ ಹತ್ತಿದ್ದಳು. ಹತ್ತು ಕೇಳಿದ್ದರೆ ಎರಡು ಮರೆತರೂ ನಡೆಯುತ್ತಿತ್ತು ಎಂದು ಸೊಲೊಂಗೊಗೆ ಈಗ ಅನ್ನಿಸುತ್ತಿತ್ತು.

ತೈನಾನ್ ಊರಿನ ಏಪ್ರಿಲ್ ಬಿಸಿಲು ಉಲಾನ್‌ಬಾತರದ ಅಪಾರ್ಟ್‌ಮೆಂಟಿನಲ್ಲಿ ಬೆಳೆದವಳಿಗೆ ಗೊತ್ತಿದ್ದದ್ದಲ್ಲ. ಮಗುವಿನ ಕತ್ತಿನ ಹಿಂದೆ ಬೆವರುಸಾಲೆ ಎದ್ದಿತ್ತು. ಎರಡು ಜಡೆ ಹಾಕಿದರೆ ಮಧ್ಯಾಹ್ನದೊಳಗೆ ಬಿಚ್ಚಿಕೊಂಡು ಬರುತ್ತಿದ್ದಳು. ಶಿಶುವಿಹಾರದ ಟೀಚರು, "ಸ್ವಲ್ಪ ಕತ್ತರಿಸಿಬಿಡಿ, ಪಾಪ, ಕೆರ್ಕೊಂಡು ಕೆರ್ಕೊಂಡು ಸುಸ್ತಾಗ್ತಾಳೆ," ಎಂದು ಎಷ್ಟೋ ಸಲ ಹೇಳಿದ್ದಾಯಿತು. ಹಣ್ಣಿನಂಗಡಿಯವನು ಹೇಳಿದ್ದಾಯಿತು. ದಾರಿಯಲ್ಲಿ ಹೋಗುವ ಅಜ್ಜಿಯೊಬ್ಬಳು ಸುಮ್ಮನೆ ನಿಂತು ಹೇಳಿ ಹೋದದ್ದೂ ಆಯಿತು. ಇಡೀ ಊರಿನ ಕೈಯಲ್ಲಿ ಕತ್ತರಿ ಇದೆ ಎಂದೇ ಅವಳಿಗೆ ಭಾಸವಾಗುತ್ತಿತ್ತು.

ಅದು ಸಾಲದೆಂಬಂತೆ, ಅವಳು ಬಾಡಿಗೆಗೆ ಇದ್ದದ್ದೇ ಒಂದು ಕೂದಲು ಕತ್ತರಿಸುವ ಅಂಗಡಿಯ ಮೇಲೆ.

ಕೆಳಗಿನ ಮುಂಗೋಣೆಯಲ್ಲಿ ಮನೆಯೊಡತಿ ಅಗಿನ್ ಮದುವೆಯಾಗಿ ಬಂದಾಗಿನಿಂದಲೂ ಅಂಗಡಿ ನಡೆಸುತ್ತಿದ್ದಳು. ಎರಡು ಕುರ್ಚಿ, ಉದ್ದಕ್ಕೆ ಒಂದು ಕನ್ನಡಿ, ಗೋಡೆಗೆ ಪಂಚಾಂಗ, ಮೂಲೆಯಲ್ಲಿ ಸದಾ ಬಿಸಿಯಾಗಿರುವ ಚಹಾ. ಗಲ್ಲಿಯ ಮುದುಕಿಯರು ವಾರಕ್ಕೊಮ್ಮೆ ಬಂದು, ಕುರ್ಚಿಯಲ್ಲಿ ನೆಟ್ಟಗೆ ಕೂತೇ ತಲೆ ತೊಳೆಸಿಕೊಂಡು, ಕೂದಲಿಗೆ ಸುರುಳಿ ಸುತ್ತಿಸಿಕೊಂಡು, ಗಲ್ಲಿಯ ಸುದ್ದಿಯನ್ನೆಲ್ಲ ಇಳಿಸಿ ಹೊಸದನ್ನು ತುಂಬಿಕೊಂಡು ಹೋಗುತ್ತಿದ್ದರು.

ಸೊಲೊಂಗೊ ಮೊದಲು ದೇವಸ್ಥಾನಗಳ ಬಗ್ಗೆ ಪ್ರಬಂಧ ಬರೆಯುತ್ತೇನೆ ಎಂದಿದ್ದಳು. ಅವಳ ಮಾರ್ಗದರ್ಶಕಿ ಹುಂಗ್ ಮೇಡಂ ಕನ್ನಡಕದ ಮೇಲಿಂದ ನೋಡಿ, "ದೇವಸ್ಥಾನದ ಬಗ್ಗೆ ನನ್ನ ಕಪಾಟಿನಲ್ಲಿ ಜಾಗ ಉಳಿದಿಲ್ಲ. ನೀನು ಮಲಗೋ ಕೋಣೆ ಕೆಳಗೆ ದಿನಾ ಏನು ನಡೆಯುತ್ತೆ?" ಎಂದು ಕೇಳಿದ್ದರು. ಹೀಗೆ ಅಗಿನ್‌ಳ ಅಂಗಡಿ ಸೊಲೊಂಗೊಳ ಸಂಶೋಧನೆಯ ವಿಷಯವಾಯಿತು.

ಅವಳಿಗೆ ಅದು ಹಬ್ಬದ ಹಾಗಿತ್ತು ಎನ್ನಬೇಕು. ಊರಲ್ಲಿ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದಾಗ ಹೊರದೇಶದ ವಿದ್ವಾಂಸರು ಬರುತ್ತಿದ್ದರು. ಅವಳ ಅಜ್ಜಿಯಂಥವರ ಗುಡಾರದೊಳಗೆ ಕೂತು, ಉಪ್ಪು ಹಾಕಿದ ಹಾಲಿನ ಚಹಾ ಹೀರುತ್ತಾ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಪುಸ್ತಕ ಬರೆಯುತ್ತಿದ್ದರು. ಯಾವಾಗಲೂ ಕೇಳುವವರು ಅವರು, ಉತ್ತರಿಸುವವರು ನಾವು. ಒಂದು ಸಲ ನಾನೂ ಬೇರೆಯವರ ಮನೆಯಲ್ಲಿ ಕೂತು ಅವರ ಚಹಾ ಕುಡಿದು ಪ್ರಶ್ನೆ ಕೇಳಬೇಕು ಎಂಬ ಆಸೆ ಅವಳಲ್ಲಿ ಹುಟ್ಟಿದ್ದು ಆಗಲೇ. ಈಗ ಆಸೆ ಕೈಗೂಡಿತ್ತು. ಕೇಳಿದ್ದೇ ಕೇಳಿದ್ದು.

"ಏನಮ್ಮ, ಇವತ್ತೂ ಪ್ರಶ್ನೆಪತ್ರಿಕೆ ತಂದಿದೀಯಾ?" ಎಂದು ಚ್ಯೂಲಾನ್ ರೇಗಿಸುತ್ತಿದ್ದಳು. ಗಲ್ಲಿಯ ತುದಿಯಲ್ಲಿ ಹೂಮೀನಿನ ಗಂಜಿ ಮಾರುವ ಚ್ಯೂಲಾನ್‌ಗೆ ಅಂಗಡಿ ಮುಚ್ಚಿದ ಮೇಲೆ ಅಗಿನ್‌ಳ ಕುರ್ಚಿಯೇ ತವರುಮನೆ.

"ತಂದಿದೀನಿ. ಇವತ್ತು ಸುಲಭದ್ದು," ಎಂದು ಸೊಲೊಂಗೊ ಸ್ಟೂಲ್ ಎಳೆದುಕೊಂಡಳು ಒಂದು ಮಧ್ಯಾಹ್ನ. ಅಗಿನ್‌ಳನ್ನು ಅವಳು ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. "ದೊಡ್ಡಮ್ಮ, ಇಲ್ಲಿ ಮಗುವಿನ ಮೊದಲ ಕೂದಲನ್ನ ಯಾವಾಗ ತೆಗೀತೀರ?"

"ತಿಂಗಳು ತುಂಬೋದ್ರೊಳಗೆ. ತಡ ಮಾಡಿದ್ರೆ ಕೂದಲು ದಟ್ಟವಾಗಿ ಬರಲ್ಲ."

"ನಂಗೆ ಬೇಗನೇ ತೆಗೆದಿದ್ರಂತೆ, ನೋಡು ಎಷ್ಟು ದಟ್ಟ!" ಎಂದಳು ಚ್ಯೂಲಾನ್.

"ನಿನ್ನ ತಲೆ ವಿಷಯ ಎತ್ತಬೇಡ. ಇರೋ ನಾಲ್ಕು ಕೂದಲನ್ನ ನಲವತ್ತು ಮಾಡಿ ತೋರಿಸೋಷ್ಟರಲ್ಲಿ ನನ್ನ ತೋಳು ಬಿದ್ದುಹೋಗುತ್ತೆ," ಎಂದು ಅಗಿನ್ ಅವಳ ತಲೆಯನ್ನು ಮುಂದಕ್ಕೆ ತಳ್ಳಿದಳು.

"ಯಾರು ತೆಗೀಬೇಕು ದೊಡ್ಡಮ್ಮ?"

"ಅಜ್ಜಿ ಇದ್ರೆ ಅಜ್ಜಿ."

"ಅಜ್ಜಿ ತುಂಬಾ ದೂರ ಇದ್ರೆ?"

"ಕೈಗುಣ ಇರೋ ಹೆಂಗಸು ಯಾರಾದ್ರೂ."

"ಮಗು ಈ ಊರಿಂದೇ ಅಲ್ಲ ಅಂದ್ರೆ?"

ಅಗಿನ್‌ಳ ಕೈ ಒಂದು ಗಳಿಗೆ ನಿಂತಿತು. "ಆದ್ರೇನು? ತಲೆ ತಲೇನೇ."

"ಮತ್ತೆ, ತಿಂಗಳೊಳಗೆ ಆಗ್ಲಿಲ್ಲ, ಮಗು ದೊಡ್ಡದಾಗಿಬಿಟ್ಟಿದೆ ಅಂತಿಟ್ಕೊಳ್ಳಿ. ಆಗ?"

"ತಡ ಆಯ್ತು ಅಂತ ಬಿಡಕ್ಕಾಗುತ್ತಾ? ಪಂಚಾಂಗದಲ್ಲಿ ಒಳ್ಳೆ ದಿನ ನೋಡಿ ತೆಗೆಯೋದು. ಕೂದಲಿಂದ ಬರೆಯೋ ಕುಂಚ ಮಾಡಿಸಿ ಇಟ್ರೆ ವಿದ್ಯೆ ಚೆನ್ನಾಗಿ ಹತ್ತುತ್ತೆ."

"ತುಂಬಾ ಒಳ್ಳೇದು ದೊಡ್ಡಮ್ಮ, ತುಂಬಾ ಒಳ್ಳೇದು," ಎಂದು ಸೊಲೊಂಗೊ ಮನಸಾರೆ ತಲೆಯಾಡಿಸಿದಳು.

ಕನ್ನಡಿಯಲ್ಲಿ ಅಗಿನ್ ಮತ್ತು ಚ್ಯೂಲಾನ್ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟವನ್ನು ಸೊಲೊಂಗೊ ಕಂಡಳು. ಅದು ತನಗೇ ಸಂಬಂಧಪಟ್ಟದ್ದು ಎಂದು ಅವಳಿಗೆ ಹೊಳೆಯಲಿಲ್ಲ.

"ನಿನ್ನ ಮಗಳಿಗೆ ಯಾಕೆ ಹಂಗೇ ಬಿಟ್ಟಿದೀಯ?" ಎಂದು ಅಗಿನ್ ಮೆಲ್ಲಗೆ ಕೇಳಿದಳು.

ಇಲ್ಲಿ ಸೊಲೊಂಗೊ ಹೇಳಬಹುದಿತ್ತು. ಆದರೆ ಮೊದಲ ಸೆಮಿಸ್ಟರಿನಲ್ಲಿ ಹುಂಗ್ ಮೇಡಂ ಹೇಳಿದ್ದ ಮಾತನ್ನು ಅವಳು ಎದೆಯ ಮೇಲೆ ಬರೆದುಕೊಂಡಿದ್ದಳು: ನೋಡು, ಕೇಳು, ಮತ್ತೆ ಕೇಳು, ನಿನ್ನ ಕತೆ ಬಿಚ್ಚಿಕೊಂಡು ಕೂತರೆ ಅವರ ಕತೆ ನಿಂತುಹೋಗುತ್ತೆ. ಮೊದಲೇ ಹೆದರುಪುಕ್ಕಲಿ. ತನ್ನ ಮಾತಿನಿಂದ ಸಂಶೋಧನೆ ಕೆಟ್ಟರೆ ಗತಿಯೇನು ಎಂದು, "ಹೀಗೇ... ಆಗಲಿಲ್ಲ," ಎಂದು ಮಾತು ಹಾರಿಸಿದಳು.

ಅಗಿನ್‌ಗೆ ಅಷ್ಟು ಸಾಕಾಯಿತು.

ಮುಂದಿನ ವಾರ ಸೊಲೊಂಗೊ ತರಗತಿಯಲ್ಲಿ ತನ್ನ ಕೆಲಸದ ಬಗ್ಗೆ ಮಾತಾಡಿದಳು. ಮುದುಕಿಯರು ಸುರುಳಿ ಒಣಗುವ ಹೊತ್ತಿನಲ್ಲಿ ಮಾತ್ರ ಸೊಸೆಯರ ವಿಷಯ ಎತ್ತುವುದು ಏಕೆ ಎಂದು ಅವಳು ವಿವರಿಸುತ್ತಿದ್ದರೆ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಂಗ್ ಮೇಡಂ ಕೂಡ ನಕ್ಕರು. ಬಂದು ಒಂದೂವರೆ ವರ್ಷದಲ್ಲಿ ಮೊದಲ ಸಲ ಅವಳಿಗೆ ತಾನು ಓದಲು ಬಂದದ್ದು ತಪ್ಪಾಗಲಿಲ್ಲ ಅನ್ನಿಸಿತು. ಸೈಕಲ್ ತುಳಿಯುತ್ತಾ ಹಾಡು ಗುನುಗಿಕೊಂಡು ಬಂದಳು.

ಅಂಗಡಿಯ ರೋಲಿಂಗ್ ಶಟರ್ ಅರ್ಧ ಎಳೆದಿತ್ತು. ಹಗಲು ಹೊತ್ತು ಅಗಿನ್ ಶಟರ್ ಎಳೆದದ್ದನ್ನು ಅವಳು ನೋಡಿರಲೇ ಇಲ್ಲ. ಯಾರಿಗೋ ಏನೋ ಆಯಿತೆಂದು ಬಗ್ಗಿ ಒಳಗೆ ನುಗ್ಗಿದಳು.

ಕುರ್ಚಿಯ ಕೈಗಳ ಮೇಲೆ ಹಲಗೆ ಹಾಕಿ, ಶಿಶುವಿಹಾರದಿಂದ ಎಂದಿನಂತೆ ಅಗಿನ್ ಕರೆತಂದಿದ್ದ ನಂದಿನ್‌ಳನ್ನು ಕೂರಿಸಿದ್ದರು. ಕೊರಳಿಗೆ ಹೂವಿನ ಬಟ್ಟೆ. ಪಕ್ಕದ ಬೋಗುಣಿಯ ಬೆಚ್ಚನೆ ನೀರಿನಲ್ಲಿ ಶುಭಕ್ಕೆಂದು ಹಾಕಿದ ಈರುಳ್ಳಿಸೊಪ್ಪು, ಒಂದು ನುಣುಪು ಕಲ್ಲು, ಕೋಳಿಮೊಟ್ಟೆ, ಬಾತುಮೊಟ್ಟೆ. ಚ್ಯೂಲಾನ್ ಒಂದು ಬೆಂದ ಮೊಟ್ಟೆ ಸುಲಿದು ಮಗುವಿನ ಬಾಯಿಗಿಡುತ್ತಿದ್ದಳು. ಮಗುವಿನ ಎರಡು ಕೆನ್ನೆಯೂ ಉಬ್ಬಿದ್ದವು. ಬಲಗಡೆ ಕೂದಲು ಎಂದಿನಂತೆ ಭುಜದ ಕೆಳಗೆ ಇಳಿದಿತ್ತು. ಎಡಗಡೆ ಕಿವಿಯ ಮಟ್ಟಕ್ಕೆ ನಿಂತುಹೋಗಿತ್ತು.

ಸೊಲೊಂಗೊ ಕಿರುಚಿದ್ದು ಮಂಗೋಲಿಯನ್ ಭಾಷೆಯಲ್ಲಿ. ಯಾರಿಗೂ ಅರ್ಥವಾಗಲಿಲ್ಲ, ಆದರೆ ಕತ್ತರಿ ನಿಂತಿತು.

"ಬಂದ್ಯಾ? ಬೇಗ ಬಂದ್ಬಿಟ್ಟೆ," ಎಂದಳು ಅಗಿನ್, ಮುಖ ಅರಳಿಸಿ. "ಪೂರ್ತಿ ಮುಗಿಸಿ ತೋರಿಸೋಣ ಅಂತಿದ್ದೆ. ಇವತ್ತು ಕೂದಲು ತೆಗೆಯೋಕೆ ಬಹಳ ಒಳ್ಳೆ ದಿನ."

"ಯಾರು... ಯಾರು ಹೇಳಿದ್ದು ನಿಮಗೆ?"

"ನೀನೇ ಅಲ್ವೇನೇ? ಬಾಯಿಬಿಟ್ಟು ಕೇಳಕ್ಕೆ ನಾಚ್ಕೊಂಡು ಅಷ್ಟು ಸುತ್ತಿ ಬಳಸಿ ಕೇಳಿದ್ಯಲ್ಲ!"

ಸೊಲೊಂಗೊ ಮಗಳನ್ನು ಬಟ್ಟೆ ಸಮೇತ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡಳು. ಹಾಸಿಗೆಯ ಮೇಲೆ ಕೂತು ಅತ್ತಳು. ನಂದಿನ್ ತಾಯಿಯ ಮುಖವನ್ನೇ ನೋಡಿ, ಬಾಯಲ್ಲಿದ್ದದ್ದನ್ನು ನುಂಗಿ, "ಇನ್ನೊಂದು ಮೊಟ್ಟೆ," ಎಂದಳು.

ಗಂಡ ತುಮೆನ್ ದೂರದ ಗಣಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ಮಗಳ ಫೋಟೋ ಕಳಿಸಿ, ಏನು ಮಾಡಲಿ ಎಂದು ಕೇಳಿದಳು. ಸಂಜೆ ಉತ್ತರ ಬಂತು: "ಅಪ್ಪಂಗೆ ನೀನೇ ಹೇಳು. ನನ್ನ ಕೈಲಿ ನಗು ತಡ್ಕೊಂಡು ಹೇಳಕ್ಕಾಗಲ್ಲ." ಅವಳು ಫೋನನ್ನು ದಿಂಬಿನ ಕೆಳಗೆ ತುರುಕಿದಳು. ಗಂಡಸರಿಗೆ ಎಲ್ಲವೂ ನಗು. ವಿಮಾನ ನಿಲ್ದಾಣದಲ್ಲಿ ಮಾತು ಕೊಟ್ಟವಳು ಅವಳು ತಾನೆ?

ಭಾನುವಾರ ಮಾವ ಎಂದಿನಂತೆ ವಿಡಿಯೋ ಕರೆ ಮಾಡಿದರು. ಅವಳು ಎತ್ತಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಎಂದು ಬರೆದು ಕಳಿಸಿದಳು. ಅದರ ಮುಂದಿನ ಭಾನುವಾರ ಪರೀಕ್ಷೆ ಎಂದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಾವಲು ನಿಂತಿತು.

ಗಲ್ಲಿಗೆ ಮಾತ್ರ ಅದು ಸುಗ್ಗಿ. ಮಗುವಿಗೆ ಟೋಪಿ ಹಾಕಿ ಕಳಿಸಿದರೆ ಅದು ಗಲ್ಲಿಯ ತಿರುವು ದಾಟುವಷ್ಟರಲ್ಲಿ ಯಾವುದೋ ನಾಯಿಯ ತಲೆಯ ಮೇಲಿರುತ್ತಿತ್ತು. ನಂದಿನ್ ಎಡಕ್ಕೆ ತಿರುಗಿದರೆ ಒಬ್ಬ ಹುಡುಗಿ, ಬಲಕ್ಕೆ ತಿರುಗಿದರೆ ಇನ್ನೊಬ್ಬಳು. ಅವಳಿಗೇ ಅದು ಗೊತ್ತಾಗಿ, ಬೇಕೆಂದೇ ತಿರುಗಿ ತಿರುಗಿ ತೋರಿಸುತ್ತಿದ್ದಳು. ಶಿಶುವಿಹಾರದ ಇನ್ನೊಂದು ಮಗು ತನಗೂ ಅಂಥದ್ದೇ ಬೇಕೆಂದು ಹಠ ಹಿಡಿದು, ಅದರ ತಾಯಿ ಅಗಿನ್‌ಳ ಅಂಗಡಿಗೇ ಬಂದು, "ಇದೇನು ಈ ವರ್ಷದ ಸ್ಟೈಲಾ?" ಎಂದು ಕೇಳಿದಳಂತೆ.

"ನನ್ನ ಮಾನ ಬೀದಿಪಾಲಾಯ್ತು," ಎಂದು ಅಗಿನ್ ಮಹಡಿಗೆ ಕೇಳುವ ಹಾಗೆ ಚ್ಯೂಲಾನ್ ಹತ್ತಿರ ಹೇಳಿಕೊಳ್ಳುತ್ತಿದ್ದಳು. "ಸರಿಯಾಗಿ ನನ್ನ ಬೋರ್ಡ್ ಕೆಳಗೇ ನಿಂತ್ಕೊಂಡು ಐಸ್ ತಿಂತಾಳೆ! ಐದು ನಿಮಿಷ ಕೊಟ್ಟಿದ್ರೆ ಆ ಬಲಗಡೆನೂ ಸರಿ ಮಾಡ್ತಿದ್ದೆ."

"ಹೋಗಿ ಕೇಳು."

"ನಾನ್ಯಾಕೆ ಕೇಳ್ಲಿ? ಮೊಟ್ಟೆ ಬೇಯಿಸಿದ್ದು ನಾನು, ದಿನ ನೋಡಿದ್ದು ನಾನು, ಬಯ್ಗುಳ ತಿಂದಿದ್ದೂ ನಾನು."

"ಬೈದಿದ್ದು ಏನು ಅಂತ ನಿಂಗೇನು ಅರ್ಥ ಆಯ್ತು?"

"ಬಯ್ಗುಳ ಅರ್ಥ ಆಗಕ್ಕೆ ಭಾಷೆ ಬೇಕೇನೇ?"

ಮಾತು ನಿಂತರೂ ಅನ್ನ ನಿಲ್ಲಲಿಲ್ಲ, ಮಗುವನ್ನು ಕರೆತರುವುದೂ ನಿಲ್ಲಲಿಲ್ಲ. ದಿನಾ ಬೆಳಗ್ಗೆ ಮೆಟ್ಟಿಲ ಮೇಲೆ ಅಗಿನ್ ಮುಚ್ಚಿಟ್ಟ ಹೂಮೀನಿನ ಗಂಜಿ ಕಾದಿರುತ್ತಿತ್ತು. ಸಂಜೆ ಸೊಲೊಂಗೊ ಬಟ್ಟಲು ತೊಳೆದು, ಬರಿದಾಗಿ ಕೊಡಬಾರದೆಂದು ಅದರಲ್ಲಿ ಎರಡು ಸೀಬೆಹಣ್ಣು ಇಟ್ಟು, ಅದೇ ಮೆಟ್ಟಿಲ ಮೇಲಿಡುತ್ತಿದ್ದಳು. ಇಬ್ಬರೂ ಮುಖ ಊದಿಸಿಕೊಂಡು ಒಬ್ಬರಿಗೊಬ್ಬರು ತಿನ್ನಿಸುತ್ತಿದ್ದರು.

ವಿಷಯ ಬದಲಾಯಿಸಿಕೊಡಿ ಎಂದು ಕೇಳಲು ಸೊಲೊಂಗೊ ಹುಂಗ್ ಮೇಡಂ ಬಳಿ ಹೋದಳು. ಕಾರಣ ಹೇಳುವಾಗ ಮತ್ತೆ ಅಳು ಬಂತು.

ಮೇಡಂ ಟೀ ಮುಂದಿಟ್ಟು, "ನೀನು ಕೇಳಿದ ಪ್ರಶ್ನೆಗಳನ್ನ ಅದೇ ಕ್ರಮದಲ್ಲಿ ಹೇಳು," ಎಂದರು.

ಹೇಳಿದಳು. ಅಜ್ಜಿ ದೂರ ಇದ್ದರೆ? ಮಗು ಈ ಊರಿನದಲ್ಲದಿದ್ದರೆ? ದೊಡ್ಡದಾಗಿಬಿಟ್ಟಿದ್ದರೆ? ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣಗಾಯಿತು.

"ನಾನು ಅಲ್ಲಿ ಕೂತು ಕೇಳಿಸ್ಕೊಂಡಿದ್ರೂ ಕತ್ತರಿ ಹುಡುಕ್ತಿದ್ದೆ ಕಣಮ್ಮ," ಎಂದು ಮೇಡಂ ನಗಲು ಶುರುಮಾಡಿದರು. "ನಮ್ಮ ಕಡೆ ದೊಡ್ಡವರ ಹತ್ತಿರ ಬೇಕಾದ್ದನ್ನ ನೇರವಾಗಿ ಕೇಳಲ್ಲ. ಹೀಗೇ ಸುತ್ತಲೂ ಪ್ರದಕ್ಷಿಣೆ ಹಾಕ್ತೀವಿ. ಅವರು ತಿಳ್ಕೊಂಡು ಮಾಡಿಕೊಡ್ತಾರೆ."

"ನೀವೇ ಹೇಳಿದ್ರಲ್ಲ ಮೇಡಂ, ನನ್ನ ಕತೆ ಹೇಳಬೇಡ ಅಂತ."

"ಅವರ ಮಾತಿಗೆ ಅಡ್ಡ ಬರಬೇಡ ಅಂದೆ. ಬಾಯಿ ಹೊಲ್ಕೊ ಅಂದ್ನಾ? ಒಂದೂವರೆ ವರ್ಷ ಅವರ ಚಹಾ ಕುಡಿದು, ಅವರ ಸೊಸೆ ಸುದ್ದಿಯೆಲ್ಲ ಕೇಳಿ, ನಿನ್ನ ಮನೆ ಒಂದು ಮಾತೂ ಹೇಳಲಿಲ್ಲ ಅಂದ್ರೆ ಅದು ಸಂಶೋಧನೆ ಅಲ್ಲ, ಪೊಲೀಸ್ ವಿಚಾರಣೆ." ಮೇಡಂ ಟೀ ಬಟ್ಟಲನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದರು. "ವಿಷಯ ಬದಲಾಯಿಸಲ್ಲ. ಹೋಗು ಮನೆಗೆ."

ಮನೆಗೆ ಬರುವ ದಾರಿಯಲ್ಲಿ ಫೋನು ಮಿಡಿಯಿತು. ಮಾವನ ಸಂದೇಶ. ಅವರು ಬರೆಯುವುದು ಕಡಿಮೆ, ಒಂದೊಂದು ಅಕ್ಷರ ಹುಡುಕಿ ಒತ್ತಬೇಕು. "ಮಗು ಮುಖ ತೋರಿಸಿ ಎರಡು ಭಾನುವಾರ ಆಯ್ತು. ಏನಾಗಿದೆ ಹೇಳು. ಆಸ್ಪತ್ರೆಯಲ್ಲಿದ್ದೀರಾ? ಮುಚ್ಚಿಡಬೇಡ. ನಾನು ಎರಡು ರಾತ್ರಿಯಿಂದ ಮಲಗಿಲ್ಲ."

ಸೊಲೊಂಗೊ ಸೈಕಲ್ ನಿಲ್ಲಿಸಿ ಅಲ್ಲೇ ನಿಂತುಬಿಟ್ಟಳು. ಅವರು ಸಿಟ್ಟಾಗುತ್ತಾರೆ ಎಂದು ಅವಳು ಹೆದರಿದ್ದಳು. ಅವರೇ ಹೆದರುತ್ತಾರೆ ಎಂಬುದು ತಲೆಗೇ ಬಂದಿರಲಿಲ್ಲ. ತನಗೆ ಮಗಳ ಜ್ವರ ಹೇಗೋ ಅವರಿಗೆ ಈ ಮೌನ ಹಾಗೆ.

ಅಂಗಡಿಯಲ್ಲಿ ಯಾರೂ ಗಿರಾಕಿಗಳಿರಲಿಲ್ಲ. ನಂದಿನ್ ನೆಲದ ಮೇಲೆ ಕೂತು ಸುರುಳಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಅಗಿನ್ ಟವೆಲ್ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಸೊಲೊಂಗೊ ಸೀದಾ ಹೋಗಿ ಕುರ್ಚಿಯಲ್ಲಿ ಕೂತಳು.

"ತಲೆ ತೊಳೀರಿ, ದೊಡ್ಡಮ್ಮ."

ಗಿರಾಕಿ ಎಂದ ಮೇಲೆ ಇಲ್ಲವೆನ್ನುವಂತಿಲ್ಲ. ಅಗಿನ್ ಮಾತಿಲ್ಲದೆ ಕೊರಳಿಗೆ ಬಟ್ಟೆ ಕಟ್ಟಿದಳು, ನೆತ್ತಿಯ ಮೇಲೆ ಶಾಂಪೂ ಸುರಿದು ನೊರೆ ಎಬ್ಬಿಸಿದಳು. ಅಗಿನ್‌ಳ ಬೆರಳು ನೆತ್ತಿಯೊಳಗೆ ಇಳಿದರೆ ಗಟ್ಟಿಮನಸ್ಸಿನವರೂ ಬಾಯಿಬಿಡುತ್ತಾರೆ ಎಂದು ಸೊಲೊಂಗೊ ತಾನೇ ತರಗತಿಯಲ್ಲಿ ಹೇಳಿದ್ದಳು. ಈಗ ತಾನೂ ಬಾಯಿಬಿಟ್ಟಳು. ನೀಲಿ ವಸ್ತ್ರ ಕಟ್ಟಿದ ಕತ್ತರಿ, ಬಟ್ಟಲ ತುಂಬ ಹಾಲು, ಸಾಲಾಗಿ ಕೂತ ನೆಂಟರು, ಒಬ್ಬೊಬ್ಬರ ಹಾರೈಕೆ, ಎರಡು ವರ್ಷದಿಂದ ಕಾದಿರುವ ಮಾವ, ವಿಮಾನ ನಿಲ್ದಾಣದಲ್ಲಿ ಕೊಟ್ಟ ಮಾತು. ಅಗಿನ್‌ಳ ಬೆರಳು ನಿಧಾನವಾಗುತ್ತಾ ಬಂದು ನಿಂತೇಹೋಯಿತು.

"ಇಷ್ಟನ್ನ ಮೊದ್ಲೇ ಹೇಳಕ್ಕೆ ಬಾಯಿಗೇನಾಗಿತ್ತೇ ನಿಂಗೆ?"

"ನಾನು ಹೇಳಬಾರದು, ಬರೀ ಕೇಳಬೇಕು ಅಂತ ತಿಳ್ಕೊಂಡಿದ್ದೆ."

"ಯಾರು ಕಲಿಸಿದ್ದು?"

"ಯೂನಿವರ್ಸಿಟೀಲಿ."

"ಇದಕ್ಕೆ ಎಂ.ಎ. ಬೇರೆ ಕೊಡ್ತಾರಾ?"

ಸೊಲೊಂಗೊಗೆ ನಗು ಬಂದುಬಿಟ್ಟಿತು. ಅಗಿನ್ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು, ನೊರೆ ಮೆತ್ತಿದ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು.

"ನನ್ನ ಮಗ ಸೊಸೆ ತೈಪೆಯಲ್ಲಿದ್ದಾರಲ್ಲ, ಅವರ ಮಗಳ ಮೊದಲ ಕೂದಲನ್ನ ಅಲ್ಲಿ ದುಡ್ಡು ಕೊಟ್ಟು ಸೇರಿಸೋ ಬಾಣಂತನದ ಮನೆಯೋರೇ ಮೆಷಿನ್ ಹಿಡಿದು ತೆಗೆದುಬಿಟ್ರು. ನಾನು ಜೀವಮಾನವೆಲ್ಲ ಕತ್ತರಿ ಹಿಡಿದೋಳು. ಫೋನಲ್ಲಿ ಫೋಟೋ ನೋಡಿದೆ. ನೀನು ಬಂದು ಅಜ್ಜಿ ದೂರ ಇದ್ರೆ ಯಾರು ತೆಗೀಬೇಕು ಅಂತ ಕೇಳಿದಾಗ..." ಅವಳು ಮೂಗು ಒರೆಸಿಕೊಂಡಳು, ಮೂಗಿಗೂ ನೊರೆ ಹತ್ತಿತು. "ಹೋಗ್ಲಿ ಬಿಡು. ಆ ತಾತನ ಪಾಲಿಂದನ್ನ ನಾನು ಕಿತ್ಕೊಂಡ ಹಾಗಾಯ್ತು. ಒಂದೆಳೆನೂ ಕೆಳಗೆ ಬೀಳಕ್ಕೆ ಬಿಟ್ಟಿಲ್ಲ, ಕೆಂಪು ದಾರ ಕಟ್ಟಿ ಎತ್ತಿಟ್ಟಿದೀನಿ. ಈಗ್ಲೇ ಫೋನ್ ಮಾಡು."

"ತಲೆ..."

"ತಲೆ ಎಲ್ಲೂ ಹೋಗಲ್ಲ. ಮುದುಕರನ್ನ ಕಾಯಿಸಬಾರದು. ಮಾಡೇ!"

ಸೊಲೊಂಗೊ ಕರೆ ಮಾಡಿದಳು. ಒಂದು ಸಲ ರಿಂಗ್ ಆಗುವಷ್ಟರಲ್ಲೇ ಮಾವನ ಮುಖ ಪರದೆಯ ತುಂಬ ಬಂತು, ಕಣ್ಣು ಕೆಂಪಾಗಿತ್ತು. ಅವಳನ್ನು ನೋಡಿ ಹಿಂದಕ್ಕೆ ಸರಿದರು.

"ಏನಮ್ಮ ಇದು, ಅಲ್ಲೂ ಹಿಮ ಬಿತ್ತಾ?"

"ಶಾಂಪೂ, ಅಪ್ಪ. ಮಗು ಚೆನ್ನಾಗಿದೆ. ಯಾರಿಗೂ ಏನೂ ಆಗಿಲ್ಲ. ನಾನು ಸುಳ್ಳು ಹೇಳ್ತಿದ್ದೆ." ನಿಲ್ಲಿಸಿದರೆ ಮತ್ತೆ ಧೈರ್ಯ ಬಾರದೆಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಆ ಕಡೆ ಎಲ್ಲೋ ಆಡುಗಳು ಕೂಗುತ್ತಿದ್ದವು. "ಮಗೂನ ತೋರಿಸು," ಎಂದರು ಮಾವ.

ನಂದಿನ್‌ಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಗು ಅಭ್ಯಾಸಬಲದಿಂದ ಒಮ್ಮೆ ಎಡಗಡೆ ತೋರಿಸಿತು, ಒಮ್ಮೆ ಬಲಗಡೆ ತೋರಿಸಿತು, ಆಮೇಲೆ ಹಲ್ಲು ಕಿರಿಯಿತು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಕತ್ತರಿ ಹಾಕಿದೋರು ಯಾರು? ಯಾವ ವರ್ಷದೋರು?"

ವರ್ಷಗಳು ಹನ್ನೆರಡು ಪ್ರಾಣಿಗಳ ಹೆಸರಿನಲ್ಲಿ ಸುತ್ತುತ್ತವೆ. ಮೊದಲ ಎಳೆ ತೆಗೆಯುವವರ ಹುಟ್ಟಿದ ವರ್ಷ ಮಗುವಿನ ವರ್ಷಕ್ಕೆ ಕೂಡಿಬರಬೇಕು. ಅದಕ್ಕೆಂದೇ ಮಾವ ದೂರದ ಕಣಿವೆಯಿಂದ ಹಾವಿನ ವರ್ಷದವರೊಬ್ಬರನ್ನು ಹುಡುಕಿ ಗೊತ್ತುಮಾಡಿದ್ದರು. ಸೊಲೊಂಗೊ ಅಗಿನ್ ಕಡೆ ತಿರುಗಿ ಅಳುಕುತ್ತಾ ಕೇಳಿದಳು.

"ಹುಂಜದ ವರ್ಷ," ಎಂದಳು ಅಗಿನ್. ಆಮೇಲೆ ಪ್ರಶ್ನೆ ಯಾಕೆಂದು ತಿಳಿದು ಕೆರಳಿದಳು. "ಮಗು ಎತ್ತಿನ ವರ್ಷದ್ದು, ನಾನು ಹುಂಜ. ಅಷ್ಟೂ ನೋಡದೆ ಮಗು ತಲೆಗೆ ಕೈ ಹಾಕ್ತೀನಾ? ನಾನೇನು ಕುರಿ ಉಣ್ಣೆ ಕತ್ತರಿಸೋಳು ಅಂದ್ಕೊಂಡ್ರಾ ಅವರು?"

ಸೊಲೊಂಗೊ ಮೊದಲರ್ಧ ಮಾತ್ರ ಅನುವಾದ ಮಾಡಿದಳು.

"ಎತ್ತಿಗೆ ಹುಂಜ..." ಮಾವ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ಮುಖದ ಗಂಟು ಒಂದೊಂದಾಗಿ ಸಡಿಲವಾಯಿತು. "ಹಾವಿಗಿಂತ ವಾಸಿ. ಆ ಹಾವಿನ ಮಹಾಶಯ ಕುಡಿದು ಬರ್ತಾನೋ ಏನೋ ಅಂತ ನಂಗೂ ಅಳುಕಿತ್ತು. ಮೊದಲ ಕತ್ತರಿ ಹಾಕಿದೋರು ಉಡುಗೊರೆ ಕೊಡಬೇಕು, ಗೊತ್ತಾ? ಏನು ಕೊಟ್ರು?"

"ಮೊಟ್ಟೆ!" ಎಂದಳು ನಂದಿನ್.

ಮಾವ ನಕ್ಕ ನಗೆಗೆ ಪರದೆ ಅಲುಗಾಡಿ, ಒಮ್ಮೆ ಆಕಾಶ ಕಂಡಿತು, ಒಮ್ಮೆ ಬೂಟು ಕಂಡಿತು. "ಕೂದಲು ಎತ್ತಿಟ್ಟಿದ್ದಾರಾ? ಜೋಪಾನವಾಗಿ ತಗೊಂಡು ಬಾ. ಉಳಿದರ್ಧ ನಮ್ದು. ಜುಲೈವರೆಗೆ ಆ ತಾಯಿ ಅದನ್ನ ಮುಟ್ಟಕೂಡದು ಅಂತ ಹೇಳು."

"ಏನಂದ್ರು?" ಅಗಿನ್ ಕುರ್ಚಿಯ ಹಿಂದಿನಿಂದ ಬಗ್ಗಿ ಪರದೆಗೆ ಮುಖ ಒಡ್ಡಿದಳು.

ಹೇಳಿದಳು.

"ಜುಲೈವರೆಗಾ? ಈ ತಲೆ ಜುಲೈವರೆಗೂ ನನ್ನ ಅಂಗಡಿ ಮುಂದೆ ಓಡಾಡಬೇಕಾ? ಒಂದು ಬೆರಳಷ್ಟು ಸರಿ ಮಾಡ್ತೀನಿ ಅನ್ನು."

"ಏನಂತಾರೆ?" ಎಂದರು ಮಾವ.

"ಒಂದು ಬೆರಳಷ್ಟು ಅಂತಾರೆ, ಅಪ್ಪ."

"ಯಾರ ಬೆರಳು? ಅಡ್ಡಾನೋ ಉದ್ದಾನೋ ಕೇಳು."

"ಅಡ್ಡ ಬೆರಳು ಅಂದ್ರೆ ನಂಗೆ ಸಾಲದು," ಎಂದು ಅಗಿನ್ ಮಾವನ ಪ್ರಶ್ನೆ ತಿಳಿದು ಕೈಬೀಸಿದಳು. "ಅಲ್ಲಿ ಜುಲೈನಲ್ಲಿ ಚಳಿ ಇರುತ್ತಾ? ಬಿಸಿನೀರು ಸಿಗುತ್ತಾ? ನಾನೇ ಬಂದು ಎದುರಿಗೆ ನಿಂತು ಸಮ ಮಾಡಿಸ್ತೀನಿ, ಇವರ ಕೈಗೆ ಬಿಟ್ರೆ ಮಗು ತಲೆ ಮೇಲೆ ಮೆಟ್ಟಿಲು ಕಟ್ತಾರೆ."

ಸೊಲೊಂಗೊಳ ನೊರೆ ಜಾರಿ ಹುಬ್ಬಿಗಿಳಿದು ಕಣ್ಣು ಉರಿಯತೊಡಗಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಗಳು.

"ಅವರೇನಂದ್ರು, ಬೇಗ ಹೇಳೇ," ಎಂದು ಈ ಕಡೆಯಿಂದ ಅಗಿನ್.

"ಆ ತಾಯಿ ಏನಂದ್ರು, ಬೇಗ ಹೇಳಮ್ಮ," ಎಂದು ಆ ಕಡೆಯಿಂದ ಮಾವ.

"ಒಬ್ಬೊಬ್ಬರಾಗಿ ಮಾತಾಡಿ!" ಎಂದು ಕಣ್ಣು ಮುಚ್ಚಿಕೊಂಡೇ ಇಬ್ಬರನ್ನೂ ಗದರಿದಳು ಸೊಲೊಂಗೊ. ಅವರು ಕೇಳಿಸಿಕೊಳ್ಳಲಿಲ್ಲ.